ಸಹಾಯ ಬೇಕು: ಸಿಮ್ಯುಲೇಶನ್ ಮತ್ತು ನಿಜವಾದ ಸರ್ಕ್ಯೂಟ್ ಒಂದೇ ಗ್ರಾಫಿನಲ್ಲಿ

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಪದವಿ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಜೋರು ಮಳೆಗೆ ರಜೆ ಕೊಟ್ಟಾಗಲೂ ಮಕ್ಕಳು ಮನೆಯಿಂದ ಲ್ಯಾಬ್ ಮಾಡಲಿ ಅಂತ ಒಂದು ಆನ್‌ಲೈನ್ ಪ್ರಯೋಗ ತಯಾರು ಮಾಡುತ್ತಿದ್ದೇನೆ.

ಕೆಪಾಸಿಟರ್ (ವಿದ್ಯುತ್ ಚಾರ್ಜ್ ಕೂಡಿಡುವ ಭಾಗ) ಚಾರ್ಜ್ ಆಗುವ ಪ್ರಯೋಗ. 10 ಕಿಲೋಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್, 5 ವೋಲ್ಟ್. 1 ಸೆಕೆಂಡಿಗೆ ಸುಮಾರು 3.16 ವೋಲ್ಟ್ ಬರಬೇಕು. ಸಿಮ್ಯುಲೇಶನ್‌ನಲ್ಲಿ (ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವ ಪ್ರಯೋಗದಲ್ಲಿ) ಅಷ್ಟೇ ಬರುತ್ತದೆ. ನಿಜವಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಹಾಗಲ್ಲ, ಅದರ ಕೆಪಾಸಿಟನ್ಸೇ ಶೇ. 20ರಷ್ಟು ಆಚೀಚೆ ಇರಬಹುದು. ಆ ವ್ಯತ್ಯಾಸವನ್ನೇ ಮಕ್ಕಳು ಕಣ್ಣಾರೆ ನೋಡಬೇಕು ಅನ್ನುವುದು ನನ್ನಾಸೆ. ಬರೀ ಸಿಮ್ಯುಲೇಶನ್ ತೋರಿಸಿದರೆ ಲೆಕ್ಕ ಮತ್ತು ಉಪಕರಣ ಎರಡೂ ಒಂದೇ ಅಂದುಕೊಳ್ಳುತ್ತಾರೆ, ಅಲ್ವಾ?

ಆರ್ಡುಯಿನೋ ಊನೋ (ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ಓದಿದ ವೋಲ್ಟೇಜ್ ಲ್ಯಾಬಿನ ಕಂಪ್ಯೂಟರಿಗೆ ಬರುತ್ತಿದೆ. ಅಲ್ಲಿಂದ ಮುಂದೆ ತೋಚುತ್ತಿಲ್ಲ. ನೆಟ್ ನಿಧಾನವಾದರೆ ಗ್ರಾಫಿನಲ್ಲಿ ನಿಜವಾದ ಗೆರೆ ಹಿಂದೆ ಬೀಳುತ್ತದೆ. ಪ್ರತಿ ಅಳತೆಯ ಜೊತೆ ಸಮಯವನ್ನೂ ಆರ್ಡುಯಿನೋದಿಂದಲೇ ಕಳಿಸಬೇಕಾ? ಇನ್ನೊಂದು, ಇರುವುದು ಒಂದೇ ಸೆಟ್, ಮಕ್ಕಳು 40 ಜನ. ಸರದಿ ಬರುವವರೆಗೆ ಉಳಿದವರು ಸಿಮ್ಯುಲೇಶನ್ ಮಾಡುತ್ತಿರುವ ಹಾಗೆ ಹೇಗೆ ಜೋಡಿಸುವುದು?

ಸುರತ್ಕಲ್ ಎನ್‌ಐಟಿಕೆಯ ವರ್ಚುವಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಶನಿವಾರ ಮಧ್ಯಾಹ್ನ ಬೋರ್ಡ್ ಹಿಡಿದುಕೊಂಡು ನಾನೇ ಬರುತ್ತೇನೆ.