ರೆಂಡರ್‌ಗೆ ಹಾಕಿದರೆ ಪ್ರೊಸೆಸರ್ 98 ಡಿಗ್ರಿ!

ಪ್ರಶ್ನೆ (ನಾಗರಬಾವಿಯಿಂದ):
ನನ್ನ ಕಂಪ್ಯೂಟರಿನ ಪ್ರೊಸೆಸರ್ ಇಂಟೆಲ್ ಐ5 10400, ಅದನ್ನು ತಣ್ಣಗಿಡಲು ಜೊತೆಗೆ ಬಂದ ಕೂಲರೇ ಇದೆ. ಎಡಿಟ್ ಮಾಡಿದ ಮದುವೆ ವಿಡಿಯೊವನ್ನು ಅಂತಿಮ ಫೈಲ್ ಮಾಡಲು ರೆಂಡರ್‌ಗೆ ಹಾಕಿದ ಕೂಡಲೇ 98 ಡಿಗ್ರಿ. ಫ್ಯಾನ್ ಕಿರುಚಿಕೊಳ್ಳುತ್ತದೆ, ಆಮೇಲೆ ಎಲ್ಲಾ ನಿಧಾನ. ಮನೆ ಮೇನ್ ರೋಡಿಗೇ ಇದೆ, ಧೂಳಿನ ಕಥೆ ಕೇಳಲೇಬೇಡಿ. ಬ್ರಷ್ ಹಾಕಿ ಒರೆಸಿದೆ, ಏನೂ ಬದಲಾಗಲಿಲ್ಲ. ಅಂಗಡಿಯವರು ಪ್ರೊಸೆಸರ್ರೇ ಹೋಗಿದೆ ಅಂತಾರೆ. ಹೌದಾ?

ಉತ್ತರ:
ಸುಮ್ನೆ ದುಡ್ಡು ಕಳೀಬೇಡಿ ಸಾರ್. ಅದರ ಮಿತಿ 100 ಡಿಗ್ರಿ. ಹತ್ತಿರ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೇ ನಿಧಾನ. ಏನೂ ಕೆಲಸ ಇಲ್ಲದಾಗ ಎಷ್ಟಿರುತ್ತದೆ?

ಪ್ರಶ್ನೆ ಕೇಳಿದವರು:
62.

ಉತ್ತರ:
ನಮ್ಮೂರ ಹವೆಗೆ 62 ತುಂಬಾ ಜಾಸ್ತಿ. ಕೂಲರ್ ಸರಿಯಾಗಿ ಕೂತಿಲ್ಲ ಅನ್ನಿಸುತ್ತದೆ. ನಾಲ್ಕು ಮೂಲೆಯಲ್ಲೂ ಪ್ಲಾಸ್ಟಿಕ್ ಪಿನ್ ಇದೆಯಲ್ವಾ, ಒಂದೊಂದನ್ನೇ ಮೆತ್ತಗೆ ಅಲುಗಾಡಿಸಿ. ಒಂದು ಎದ್ದಿದ್ದರೂ ಆ ಕಡೆ ಶಾಖ ಕೂಲರ್‌ಗೆ ಸರಿಯಾಗಿ ದಾಟುವುದಿಲ್ಲ. ಎದ್ದಿದ್ದರೆ ಕೂಲರ್ ಬಿಚ್ಚಿ, ಹಳೇ ಪೇಸ್ಟ್ (ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್) ಪೂರ್ತಿ ಒರೆಸಿ, ಹೊಸದು ಬಟಾಣಿ ಕಾಳಿನಷ್ಟು ಸಾಕು. ಪಿನ್ ಒತ್ತುವಾಗ ಎದುರುಬದುರು ಮೂಲೆ, 'ಟಕ್' ಅನ್ನಬೇಕು.

ಇನ್ನೊಬ್ಬರು:
ಪೇಸ್ಟು, ಹಳೇದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಎರಡೂ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಮಾರುಕಟ್ಟೆ ಎಸ್.ಪಿ. ರೋಡಲ್ಲಿ ಸಿಗುತ್ತವೆ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ಪ್ರಶ್ನೆ ಕೇಳಿದವರು:
ಹಿಂದಿನ ಎಡಮೂಲೆ ಪಿನ್ ಎದ್ದಿತ್ತು! ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಈಗ ರೆಂಡರ್‌ನಲ್ಲೂ 74 ದಾಟುತ್ತಿಲ್ಲ. ಅಂಗಡಿಯವರಿಗೆ ಫೋಟೊ ಕಳಿಸಿದೆ, ಎರಡು ನೀಲಿ ಟಿಕ್ ಬಂದಿವೆ, ಉತ್ತರ ಇಲ್ಲ.