ಸ್ಪಿಟ್‌ಫೈರ್‌ಗೆ ಯಾವ ಟ್ರನಿಯನ್, ಯಾವ ಪಟ್ಟಾ?

ಪ್ರಶ್ನೆ (ಡೊಂಬಿವಲಿ): ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ ಬಿಚ್ಚಿದ್ದೇನೆ. ಆರ್‌ಸಿಯಲ್ಲಿ 1972 ಅಂತಿದೆ. ಕುರ್ಲಾ ಗುಜರಿಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಎರಡು ಟ್ರನಿಯನ್ (ಮುಂದಿನ ಚಕ್ರ ಎಡ-ಬಲಕ್ಕೆ ತಿರುಗುವ ಕೆಳಗಿನ ಕೀಲು) ಸಿಕ್ಕವು. ಬಲಗಡೆಯದು ಸಲೀಸಾಗಿ ಕೂತಿತು, ಎಡಗಡೆ ಥ್ರೆಡ್ ಹಿಡಿಯುತ್ತಲೇ ಇಲ್ಲ. ಟ್ಯಾಪ್ ಹಾಕಿಸಿ ಹೊಸ ಥ್ರೆಡ್ ಕೊರೆಸಲೇ? ಹಿಂದಿನ ಕಮಾನ್ ಪಟ್ಟಾ (ಲೀಫ್ ಸ್ಪ್ರಿಂಗ್) ಯಾವುದು ತರಿಸಲಿ?

ಉತ್ತರ: ಟ್ಯಾಪ್ ಖಂಡಿತ ಬೇಡ. ನಿಮಗೆ ಸಿಕ್ಕಿದ್ದು ಎರಡೂ ಬಲಗಡೆಯವು. ಎಡಕ್ಕೆ, ಅಂದರೆ ನಮ್ಮಲ್ಲಿ ಡ್ರೈವರ್ ಪಕ್ಕದ ಸೀಟಿನ ಕಡೆಗೆ, ಉಲ್ಟಾ ಥ್ರೆಡ್ ಇರುತ್ತದೆ. ಹೆರಾಲ್ಡ್ ಸಾಮಾನು ಹುಡುಕಿದ್ದು ತಪ್ಪಲ್ಲ, ಸ್ಪಿಟ್‌ಫೈರ್ ಹುಟ್ಟಿದ್ದೇ ಅದರಿಂದ. ಆದರೆ ಹೆರಾಲ್ಡ್‌ನ ಕಾಯಿಲ್ ಸ್ಪ್ರಿಂಗ್ ಮಾತ್ರ ಹಾಕಬೇಡಿ, ಗಾಡಿಯ ಎತ್ತರ ಕೆಡುತ್ತದೆ.

ಪಟ್ಟಾಕ್ಕೆ ಆರ್‌ಸಿ ವರ್ಷ ನಂಬಬೇಡಿ, ಅದು ನೋಂದಣಿಯದು. ಕಮಿಷನ್ ನಂಬರ್ (ಕಾರ್ಖಾನೆ ಕೊಟ್ಟ ಸಂಖ್ಯೆ) ಪ್ಲೇಟ್ ಒರೆಸಿ ಓದಿ. ಎಫ್‌ಸಿ ಇದ್ದರೆ ಮಾರ್ಕ್ 1 ಅಥವಾ 2, ಎಫ್‌ಡಿ ಇದ್ದರೆ ಮಾರ್ಕ್ 3. ಇವಕ್ಕೆ ಎಲ್ಲ ಎಲೆಗಳನ್ನೂ ಡಿಫರೆನ್ಷಿಯಲ್ ಮೇಲೆ ಬಿಗಿದ ಹಳೇ ಪಟ್ಟಾ. ಎಫ್‌ಎಚ್ ಇದ್ದರೆ 1970ರ ನಂತರದ ಸ್ವಿಂಗ್ ಸ್ಪ್ರಿಂಗ್: ಒಂದೇ ಎಲೆ ಬಿಗಿ, ಉಳಿದವು ನಡುವಿನ ಚೌಕಟ್ಟಿನಲ್ಲಿ ತೂಗುತ್ತವೆ. ತಿರುವಿನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಮಡಚುವುದನ್ನು ತಡೆಯಲೆಂದೇ ಈ ಬದಲಾವಣೆ ಬಂತು. ಹಳೇ ಗಾಡಿಗೆ ಇದನ್ನು ಹಾಕುವುದಾದರೆ ಮುಂದಿನ ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ವಾಲುವುದನ್ನು ತಡೆಯುವ ಸರಳು) ಕೂಡ 7/8 ಇಂಚಿನದಾಗಬೇಕು. ಇಲ್ಲದಿದ್ದರೆ ಗಾಡಿ ವಾಲುತ್ತದೆ.

ಪ್ರಶ್ನೆ (ಕೊಥ್ರೂಡ್, ಪುಣೆ): ನಮ್ಮ ಮೆಕ್ಯಾನಿಕ್ ಟ್ರನಿಯನ್‌ಗೆ ಗ್ರೀಸ್ ತುಂಬಿದ್ದಾರೆ. ನಡೆಯುತ್ತದೆಯೇ?

ಉತ್ತರ: ಇಲ್ಲ, ದಯವಿಟ್ಟು ಇವತ್ತೇ ಬಿಚ್ಚಿಸಿ. ಅಲ್ಲಿಗೆ ಬೇಕಾದದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಗಟ್ಟಿಯಾಗಿ ಥ್ರೆಡ್‌ನ ಬುಡಕ್ಕೆ ತಲುಪುವುದಿಲ್ಲ, ಮಳೆ ನೀರು ತಲುಪುತ್ತದೆ. ಟ್ರನಿಯನ್ ಕಂಚಿನದು, ಅದಕ್ಕೇನೂ ಆಗುವುದಿಲ್ಲ. ಆದರೆ ಅದರೊಳಗೆ ತಿರುಗುವ ಉಕ್ಕಿನ ವರ್ಟಿಕಲ್ ಲಿಂಕ್ (ಚಕ್ರ ಹೊರುವ ನೆಟ್ಟಗಿನ ತುಂಡು) ತುಕ್ಕು ಹಿಡಿದು, ಒಂದು ದಿನ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ತಿರುಗಿಸುವಾಗ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ಹೆದ್ದಾರಿಯಲ್ಲಾದರೆ ಗತಿಯೇನು?

ಲಿಂಕನ್ನು ಡೀಸೆಲ್‌ನಲ್ಲಿ ತೊಳೆದು, ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಥ್ರೆಡ್ ಕಣಿವೆಗಳನ್ನು ಉಗುರಿನಿಂದ ಸವರಿ ನೋಡಿ. ಉಗುರು ಸಿಕ್ಕುವಷ್ಟು ಗುಳಿ ಇದ್ದರೆ ಬಿಸಾಡಿ. ಚೆನ್ನಾಗಿ ಕಂಡರೂ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮಾಡಿಸಿ, ಕೂದಲೆಳೆ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಕೂರಿಸುವಾಗ ಟ್ರನಿಯನ್ ಪೂರ್ತಿ ತಿರುಗಿಸಿ, ಆಮೇಲೆ ಒಂದು ಸುತ್ತಿನೊಳಗೆ ಹಿಂದಕ್ಕೆ ಬಿಡಿ. ಎರಡೂ ಕಡೆಗೆ ಪೂರ್ತಿ ಸ್ಟೀರಿಂಗ್ ತಿರುಗಬೇಕು. ಖಾಲಿ ಗ್ರೀಸ್ ಗನ್‌ಗೆ ಇಪಿ 90 ತುಂಬಿ, ಮೇಲಿನ ಸೀಲ್‌ನಿಂದ ಎಣ್ಣೆ ಜಿನುಗುವ ತನಕ ಒತ್ತಿ. ವಿಶ್‌ಬೋನ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ) ರಬ್ಬರ್ ಬುಷ್ ಬೋಲ್ಟ್‌ಗಳನ್ನು ಮಾತ್ರ ಗಾಡಿ ನೆಲಕ್ಕಿಳಿದ ಮೇಲೆಯೇ ಬಿಗಿಯಿರಿ. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.