ಥೆರಪಿಸ್ಟ್ ಚಿಕಿತ್ಸೆ ಮುಗಿಸಿದ ಮೇಲೆ ಹೊಸಬರನ್ನು ಹುಡುಕುವುದು: ಉತ್ತರ ಕನ್ನಡದವರ ಅನುಭವ ಹಂಚಿಕೆ

ಕೇಳಿದವರು, ಕುಮಟಾ
ಆತಂಕ ಮತ್ತು ಖಿನ್ನತೆಗಾಗಿ ಹುಬ್ಬಳ್ಳಿಯ ಥೆರಪಿಸ್ಟ್ ಒಬ್ಬರಲ್ಲಿ ನಾನು ಬಹಳ ಕಾಲದಿಂದ ಚಿಕಿತ್ಸೆ ಪಡೆಯುತ್ತಿದ್ದೆ. ಇತ್ತೀಚೆಗೆ ಅವರು ನನ್ನ ತೊಂದರೆಗೆ ತಮ್ಮ ತರಬೇತಿ ಸಾಲದೆಂದೂ ಬೇರೆಯವರನ್ನು ಕಾಣುವುದೇ ಒಳ್ಳೆಯದೆಂದೂ ಹೇಳಿ ಚಿಕಿತ್ಸೆಯನ್ನು ಮುಗಿಸಿದರು. ಮಾತ್ರೆಗಳನ್ನು ಬೇರೊಬ್ಬ ಮನೋವೈದ್ಯರು ಬರೆದುಕೊಟ್ಟಿದ್ದಾರೆ. ಇನ್ನೊಬ್ಬ ಅಪರಿಚಿತರ ಮುಂದೆ ಕುಳಿತು ಎಲ್ಲವನ್ನೂ ಮೊದಲಿನಿಂದ ಹೇಳುವ ಶಕ್ತಿ ನನಗೆ ಉಳಿದಿಲ್ಲ. ಇಂಥ ಸ್ಥಿತಿಯನ್ನು ದಾಟಿದವರು ಏನು ಮಾಡಿದಿರಿ ಎಂದು ದಯವಿಟ್ಟು ತಿಳಿಸಿ.

ಶಿರಸಿಯಿಂದ
ತಂಗಿ, ನನ್ನ ಥೆರಪಿಸ್ಟ್ ಊರು ಬಿಟ್ಟು ಹೋದಾಗ ನನಗೂ ಕೈಬಿಟ್ಟರೆಂದೇ ಅನ್ನಿಸಿತ್ತು. ನಿಮ್ಮ ವಿಷಯದಲ್ಲಿ ಅದು ಇನ್ನೂ ಹೆಚ್ಚು ಚುಚ್ಚುತ್ತಿರಬಹುದು, ಏಕೆಂದರೆ ತರಬೇತಿ ಸಾಲದೆಂಬ ಮಾತು ಕೇಳುವವರಿಗೆ ನಿಮ್ಮ ಕಾಯಿಲೆ ತೀರಾ ಕೆಟ್ಟದ್ದೆಂದು ಕೇಳಿಸುತ್ತದೆ. ಆದರೆ ತನ್ನಿಂದಾಗದ್ದನ್ನು ಆಗುವುದಿಲ್ಲವೆಂದು ಹೇಳಿ ಬೇರೆಯವರ ಬಳಿಗೆ ಕಳುಹಿಸುವುದು ಈ ವೃತ್ತಿಯ ಕರ್ತವ್ಯವೇ ಆಗಿದೆ. ಗೊತ್ತಿಲ್ಲದೆಯೂ ವರ್ಷಗಟ್ಟಲೆ ಫೀ ತೆಗೆದುಕೊಳ್ಳುವವರಿಗಿಂತ ಅವರು ಪ್ರಾಮಾಣಿಕರು ಎಂಬುದು ನನ್ನ ಅಭಿಪ್ರಾಯ.

ಅವರೊಡನೆ ಸಂಪರ್ಕವಿದ್ದರೆ ಮುಕ್ತಾಯದ ಒಂದು ಸೆಷನ್ ಕೇಳಿ, ಜೊತೆಗೆ ಹೊಸಬರಿಗೆ ಕೊಡಲು ಚಿಕಿತ್ಸೆಯ ಸಾರಾಂಶವನ್ನು ಬರೆಸಿಕೊಳ್ಳಿ. ನನಗೆ ಸಿಕ್ಕಿದ್ದು ಲೆಟರ್‌ಹೆಡ್ಡಿನ ಒಂದೇ ಹಾಳೆ. ತೊಂದರೆ ಯಾವಾಗ ಶುರುವಾಯಿತು, ರೋಗನಿರ್ಣಯ ಏನು, ಯಾವ ಬಗೆಯ ಥೆರಪಿ ನಡೆಯಿತು, ಯಾವುದು ಫಲ ಕೊಡಲಿಲ್ಲ, ಸ್ಥಿತಿ ಬಿಗಡಾಯಿಸುವ ಮುನ್ನ ನನ್ನಲ್ಲಿ ಕಾಣುವ ಲಕ್ಷಣಗಳು ಯಾವುವು ಎಂಬುದೆಲ್ಲ ಅದರಲ್ಲಿತ್ತು. ಫಲ ಕೊಡದವುಗಳ ಆ ಎರಡು ಸಾಲು ಉಳಿದೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ಹೊಸಬರು ಅದೇ ಉಸಿರಾಟದ ಅಭ್ಯಾಸವನ್ನು ಮತ್ತೆ ಮೊದಲಿನಿಂದ ಕಲಿಸಲು ಹೊರಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೆಯ ಕಲಂ ತನ್ನ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಹಾಗೆಂದು ಕಾಯ್ದೆಯನ್ನು ಮುಂದಿಟ್ಟುಕೊಂಡು ಕೇಳುವ ಅಗತ್ಯ ನನಗಂತೂ ಬರಲಿಲ್ಲ, ವಿನಯದಿಂದ ಕೇಳಿದ್ದೇ ಸಾಕಾಯಿತು.

ಎಲ್ಲವನ್ನೂ ಮೊದಲ ದಿನವೇ ಹೇಳಬೇಕಾಗಿಲ್ಲ. ನಾನು ಹಾಳೆಯನ್ನು ಅವರ ಮುಂದಿಟ್ಟು, ಇದನ್ನು ಓದಿ, ಉಳಿದದ್ದನ್ನು ನನಗೆ ಸಾಧ್ಯವಾದಾಗ ಹೇಳುತ್ತೇನೆ ಎಂದೆ. ಅದಕ್ಕೆ ಅವರು ಆತುರಪಡಿಸದೆ ಒಪ್ಪಿದ್ದರಿಂದಲೇ ಎರಡನೆಯ ಭೇಟಿಗೆ ಹೋಗುವ ಮನಸ್ಸಾಯಿತು. ಆದರೆ ಹಿಂದಿನ ಚಿಕಿತ್ಸೆ ಹೇಗೆ ಮುಗಿಯಿತು, ಅದರಿಂದ ನಿಮಗೆ ಏನಾಯಿತು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ. ಇವರೂ ಒಂದು ದಿನ ಬಿಟ್ಟುಹೋಗುತ್ತಾರೆಂಬ ಭಯವನ್ನು ಒಳಗಿಟ್ಟುಕೊಂಡು ಕುಳಿತರೆ ಬೇರಾವ ಮಾತೂ ಸರಿಯಾಗಿ ಹೊರಬರುವುದಿಲ್ಲ. ಆ ಭಯವೇ ಹೊಸ ಚಿಕಿತ್ಸೆಯ ಮೊದಲ ವಿಷಯವಾಗಬಹುದು.

ಕಾರವಾರದಿಂದ
ಎಲ್ಲಿ ಹುಡುಕಬೇಕೆಂಬುದರ ಬಗ್ಗೆ ಬರೆಯುತ್ತೇನೆ. ಇಲ್ಲಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಅಂದರೆ ಕ್ರಿಮ್ಸ್‌ನಲ್ಲಿ, ಮನೋವೈದ್ಯಕೀಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆ ಇದ್ದು, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆಂಬುದನ್ನು ಕುಮಟಾ ಆಸ್ಪತ್ರೆಯಲ್ಲಿಯೇ ವಿಚಾರಿಸಿ. ಆದರೆ ಅಂಥ ದಿನಗಳಲ್ಲಿ ಬಾಗಿಲ ಹೊರಗೆ ಸಾಲು ಕಾಯುತ್ತಿರುತ್ತದೆ, ಗಂಟೆಗಟ್ಟಲೆ ಮಾತನಾಡುವ ಥೆರಪಿಯನ್ನು ಅಲ್ಲಿ ನಿರೀಕ್ಷಿಸಬೇಡಿ. ಮಾತ್ರೆ ಮುಂದುವರಿಸಲಿಕ್ಕೆ ಮತ್ತು ಮುಂದೆ ಯಾರನ್ನು ಕಾಣಬೇಕೆಂದು ಚೀಟಿ ಬರೆಸಿಕೊಳ್ಳಲಿಕ್ಕೆ ಅದು ಒಳ್ಳೆಯ ದಾರಿ.

ಥೆರಪಿಗಾಗಿ ನಮ್ಮ ಜಿಲ್ಲೆಯವರು ಮೂರು ದಿಕ್ಕಿಗೆ ಹೋಗುತ್ತಾರೆ. ಹೊನ್ನಾವರ, ಭಟ್ಕಳದ ಕಡೆಯವರಿಗೆ ಮಣಿಪಾಲ ಅನುಕೂಲ. ಯಲ್ಲಾಪುರ, ಶಿರಸಿಯವರು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗುತ್ತಾರೆ. ನಾವು ಕಾರವಾರದವರು ಗೋವಾದ ಬಾಂಬೋಳಿಯಲ್ಲಿರುವ ಮನೋವೈದ್ಯಕೀಯ ಸಂಸ್ಥೆಯನ್ನು ಹತ್ತಿರವೆಂದು ಭಾವಿಸುತ್ತೇವೆ. ಮನೆಯಲ್ಲಿ ಕೊಂಕಣಿ ಆಡುವ ನನಗೆ ಅಲ್ಲಿ ಕೊಂಕಣಿಯಲ್ಲಿಯೇ ಅಳಲು ಸಾಧ್ಯವಾದದ್ದು ಸಣ್ಣ ವಿಷಯವೇನಲ್ಲ, ಆದ್ದರಿಂದ ಭಾಷೆಯನ್ನು ಫೋನಿನಲ್ಲಿಯೇ ಕೇಳಿಕೊಳ್ಳಿ. ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಅಂಕೋಲಾ ಮತ್ತು ಕುಮಟಾ ನಡುವಿನ ಹೆದ್ದಾರಿ ಬಂದಾದದ್ದು ನಿಮಗೆ ನೆನಪಿದ್ದೇ ಇರುತ್ತದೆ. ರೈಲಿನಲ್ಲಿ ತಲುಪಬಹುದಾದ ಊರನ್ನು ಆರಿಸಿಕೊಂಡರೆ ಸೆಷನ್ ತಪ್ಪುವ ಸಂಭವ ಕಡಿಮೆ.

ಇನ್ನೊಂದು ಮಾತು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆಯನ್ನು ಕೇಳಿದರೆ ಸರಿಯಾದವರು ಬೇಸರಿಸಿಕೊಳ್ಳುವುದಿಲ್ಲ. ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರು ಈಗ ಎಲ್ಲ ಊರಿನಲ್ಲಿಯೂ ಇದ್ದಾರೆ, ಹಿಂದಿನವರಿಗೇ ತರಬೇತಿ ಸಾಲದಿದ್ದ ಮೇಲೆ ನೀವು ಇದನ್ನು ಕೇಳಲೇಬೇಕು.

ಹೊನ್ನಾವರದಿಂದ
ಥೆರಪಿ ನಿಂತಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ರೆಗೇಡು ಬರಬಹುದು, ಹಳೆಯ ತೊಂದರೆಯೂ ಮರಳಬಹುದು. ನಡುವಿನ ಖಾಲಿ ದಿನಗಳಲ್ಲಿ ಸಹಿಸಲಾಗದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಜೀವಕ್ಕೆ ಅಪಾಯ ತಂದುಕೊಳ್ಳುವ ಯೋಚನೆ ಬಂದರೆ ಯಾವ ಅಪಾಯಿಂಟ್‌ಮೆಂಟಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಸಿದ್ದಾಪುರದಿಂದ
ನಮ್ಮಂಥ ಸಣ್ಣ ಊರಿನಲ್ಲಿ ವೈದ್ಯರ ಬಾಗಿಲಲ್ಲಿ ಕುಳಿತರೆ ಪಕ್ಕದ ಕುರ್ಚಿಯಲ್ಲಿ ಅತ್ತೆಯ ಮನೆಯ ಕಡೆಯವರೇ ಇರುತ್ತಾರೆ, ಸಂಜೆಯೊಳಗೆ ಸುದ್ದಿ ಕೇರಿ ಮುಟ್ಟುತ್ತದೆ. ಆ ಕಾರಣಕ್ಕೆ ನಾನು ಬೆಂಗಳೂರಿನವರೊಬ್ಬರಲ್ಲಿ ವಿಡಿಯೊ ಮೂಲಕ ಥೆರಪಿ ಪಡೆಯುತ್ತಿದ್ದೇನೆ. ತೋಟದ ಮನೆಯಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುವುದರಿಂದ, ಸಂಪರ್ಕ ಕಡಿದರೆ ಯಾರು ಯಾರಿಗೆ ಮರಳಿ ಕರೆಮಾಡಬೇಕು, ಕಡಿದುಹೋದ ಸಮಯಕ್ಕೆ ಫೀ ಹೇಗೆ ಎಂಬುದನ್ನು ಮೊದಲೇ ಮಾತನಾಡಿಕೊಂಡೆವು. ಮನೆಯವರ ಕಿವಿಗೆ ಬೀಳಬಾರದೆಂದು ಕಾರನ್ನು ನೆಟ್‌ವರ್ಕ್ ಸಿಗುವ ತಿರುವಿನಲ್ಲಿ ನಿಲ್ಲಿಸಿ, ಗಾಜು ಏರಿಸಿಕೊಂಡು ಮಾತನಾಡುತ್ತೇನೆ.

ಕೇಳಿದವರು, ಕುಮಟಾ
ಎಲ್ಲರಿಗೂ ಧನ್ಯವಾದಗಳು. ಸಾರಾಂಶ ಕೇಳಿ ಹಿಂದಿನವರಿಗೆ ಸಂದೇಶ ಕಳುಹಿಸಿದ್ದೇನೆ. ಹೊಸಬರೂ ಹೊಂದಿಕೆಯಾಗದಿದ್ದರೆ ಎಷ್ಟು ಕಾದು ಬಿಡಬೇಕು ಎಂಬುದೊಂದು ಸಂಶಯ ಉಳಿದಿದೆ.

ಶಿರಸಿಯಿಂದ
ಮೊದಲ ಕೆಲವು ಭೇಟಿಗಳಲ್ಲಿ ಯಾರೇ ಆದರೂ ಹಿಂದಿನವರಿಗೆ ಹೋಲಿಸಿದರೆ ಸಪ್ಪೆಯಾಗಿಯೇ ಕಾಣುತ್ತಾರೆ, ಅದನ್ನು ಕಾರಣವೆಂದು ಎಣಿಸಬೇಡಿ. ನಿಮ್ಮನ್ನು ಹೀಯಾಳಿಸಿದರೆ, ನಿಮ್ಮ ಮಾತನ್ನು ಮನೆಯವರಿಗೆ ದಾಟಿಸಿದರೆ, ಅಥವಾ ಮಾತ್ರೆ ಬಿಡಿ, ಎಲ್ಲವೂ ಮನಸ್ಸಿನ ದೌರ್ಬಲ್ಯ ಎಂದರೆ ಆ ದಿನವೇ ಬಿಡಿ. ಉಳಿದಂತೆ, ಏನು ಸಾಲುತ್ತಿಲ್ಲವೆಂದು ಅವರಿಗೇ ಹೇಳಿ ನೋಡಿ. ಅದಕ್ಕೆ ಅವರು ಕೊಡುವ ಉತ್ತರದಿಂದ ಮುಂದುವರಿಯಬೇಕೋ ಬೇಡವೋ ಎಂಬುದು ನಿಮಗೆ ತಿಳಿಯುತ್ತದೆ.